ನೀಲಿ ನರಿಯ ತಪ್ಪೇನು?

ಮಕ್ಕಳ ಪುಸ್ತಕದಲ್ಲಿ ರಾಜಕೀಯ ಇಲ್ಲ ಅನ್ನುವವರಿದ್ದಾರೆ. ಅದರಲ್ಲೂ ಪ್ರಾಣಿಗಳ ಚಿತ್ರ ತುಂಬಿದ ಪುಸ್ತಕದಲ್ಲಿ ಎಂಥ ರಾಜಕೀಯ? ಆನೆ, ಸಿಂಹ, ಮೊಲ, ನರಿ, ಇವುಗಳಲ್ಲೂ ಜಾತಿ ಹುಡುಕ್ತೀರಲ್ಲಪ್ಪಾ, ನಿಮಗೆ ಕಣ್ಣು ಬಿಟ್ಟರೂ ಜಾತಿ, ಮುಚ್ಚಿದರೂ ಜಾತಿ ಎಂದು ನಮ್ಮನ್ನು ಗೇಲಿ ಮಾಡುವ ಸಾಹಿತಿಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಅಲ್ಲಿ ಜಾತಿ ಇಟ್ಟವರು ನಾವಲ್ಲ ಸ್ವಾಮಿ. ಇಟ್ಟದ್ದನ್ನು ಕಂಡೆವು, ಕಂಡದ್ದನ್ನು ಹೇಳುತ್ತಿದ್ದೇವೆ. ಮೂರು ವರ್ಷದ ಮಗು ಪುಸ್ತಕ ಅಂತ ಮೊದಲ ಸಲ ಕೈಯಲ್ಲಿ ಹಿಡಿಯುವುದು ಪ್ರಾಣಿಗಳ ಪುಸ್ತಕವನ್ನೇ. ಅ, ಆ ಕಲಿಯುವ ಮುಂಚೆ ಅದು ಕಲಿಯುತ್ತದೆ: ಯಾರು ರಾಜ, ಯಾರು ಆಳು, ಯಾವುದಕ್ಕೆ ಕೈಮುಗಿಯಬೇಕು, ಯಾವುದನ್ನು ಕಂಡರೆ ಮೂಗು ಮುಚ್ಚಬೇಕು. ಇದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ?

ನಾವು ಈ ಮಾತನ್ನು ದೊಡ್ಡಮಳೂರಿನ ಕಡೆಯಿಂದ ಬರೆಯುತ್ತಿದ್ದೇವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿದರೆ ಸಿಗುವ ಊರು. ಇಲ್ಲಿಯ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲಿಡುವ ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ದೂರದೂರದಿಂದ ಬಂದು ಹರಕೆ ಹೊತ್ತು ತೊಟ್ಟಿಲು ಒಪ್ಪಿಸುತ್ತಾರೆ. ಕಲ್ಲಿನ ಮಗುವಿಗೆ ಬೆಣ್ಣೆ ತಪ್ಪದು. ಪಕ್ಕದ ಚನ್ನಪಟ್ಟಣವೋ ಗೊಂಬೆಗಳ ಊರು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಅಲ್ಲಿಯ ಮುಸ್ಲಿಂ ಕುಶಲಕರ್ಮಿಗಳು ಆನೆ, ಕುದುರೆ, ಕೋಳಿ ಎಲ್ಲ ಮಾಡುತ್ತಾರೆ. ಒಂದೇ ಮರ, ಒಂದೇ ಅರಗು. ಆನೆಗೊಂದು ಮರ, ಕೋಳಿಗೊಂದು ಮರ ಅಂತ ಅವರು ಭೇದ ಮಾಡಿದವರಲ್ಲ. ಮಗುವನ್ನು ದೇವರು ಮಾಡಿದ ಊರು, ಮಗುವಿನ ಆಟಿಕೆಯನ್ನು ಅನ್ನ ಮಾಡಿಕೊಂಡ ಊರು ಒಂದರ ಪಕ್ಕ ಒಂದು ಇರುವ ಸೀಮೆ ಇದು. ಈ ಸೀಮೆಯ ಕೇರಿಯಲ್ಲಿ ಅಂಬೆಗಾಲಿಡುವ ಮಗುವಿನ ಮುಂದೆ ಯಾವ ಪುಸ್ತಕ ಇದೆ ಎಂದು ಕೇಳುವ ಹಕ್ಕು ನಮಗಿದೆ.

ನಾವು ಕೆಲವು ಗೆಳೆಯರು ಸಂಜೆ ಹೊತ್ತು ಕೇರಿಯ ಮಕ್ಕಳ ಜೊತೆ ಕೂತು ಚಿತ್ರದ ಪುಸ್ತಕ ನೋಡುತ್ತೇವೆ. ನಮ್ಮ ಮನೆಗಳಲ್ಲಿ ಡಿಗ್ರಿ ಅಂತ ಕಂಡವರು ನಾವೇ ಮೊದಲು. ನಮ್ಮ ಅವ್ವಂದಿರು ನಮಗೆ ಪುಸ್ತಕ ಓದಿ ಹೇಳಿದವರಲ್ಲ, ಕತ್ತಲಲ್ಲಿ ಕತೆ ಹೇಳಿದವರು. ಕತೆ ಹೇಳುವಾಗ ಅವರದೊಂದು ಕಟ್ಟುನಿಟ್ಟಿತ್ತು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಪ್ರಯೋಗ ಮಾಡಿ ತೋರಿಸಿದ್ದೂ ಹೆಚ್ಚು ಕಮ್ಮಿ ಇದನ್ನೇ. ಚಿತ್ರದ ಪುಸ್ತಕವನ್ನು ದೊಡ್ಡವರು ಗಿಣಿಯ ಹಾಗೆ ಓದಿ ಮುಗಿಸಿದರೆ ಬರುವ ಲಾಭ ಕಡಿಮೆ. ಪ್ರಶ್ನೆ ಕೇಳಿ, ಮಗುವನ್ನು ಮಾತಾಡಿಸಿ, ಅದರ ಮಾತಿಗೆ ಒಂದು ಮಾತು ಸೇರಿಸುತ್ತಾ ಹೋದರೆ ಮಗುವಿನ ಭಾಷೆ ಬೇಗ ಬೆಳೆಯುತ್ತದೆ. ಅಂದರೆ ಪುಸ್ತಕದ ಬೆಲೆ ಇರುವುದು ಮಗುವಿನ ಬಾಯಲ್ಲಿ. ಈಗ ನೋಡಿ, ನಮ್ಮ ಮಕ್ಕಳ ಬಾಯಿಗೆ ಏನಾಗುತ್ತದೆ ಅಂತ.

ಹಸುವಿನ ಚಿತ್ರಕ್ಕೆ ಬೆರಳಿಟ್ಟು ಮಗು 'ಅಸ' ಅನ್ನುತ್ತದೆ. ಹಂದಿಗೆ 'ಅಂದಿ', ಹಾವಿಗೆ 'ಆವು', ಕೋಳಿಗೆ 'ಕ್ವಾಳಿ'. ನಮ್ಮ ಸೀಮೆಯ ದುಡಿಯುವ ಜನ ಹಕಾರ ಬಿಟ್ಟು ಮಾತಾಡಿದ್ದು ಇವತ್ತು ನಿನ್ನೆಯದಲ್ಲ. ಅದರಿಂದ ಹಸು ಹಾಲು ಕೊಡುವುದನ್ನು ನಿಲ್ಲಿಸಿಲ್ಲ. ಆದರೆ ಪುಸ್ತಕ ಹಿಡಿದು ಕೂತ ದೊಡ್ಡವರಿಗೆ ಹಸುವಿಗಿಂತ ಹಕಾರ ಮುಖ್ಯ. 'ಅಸ ಅಲ್ಲ, ಹಸು ಅನ್ನು' ಎಂದು ಗದರಿಸುತ್ತಾರೆ. ಆ ಮಗು 'ನಮ್ಮ ಅಸ ನೆನ್ನೆ ಕರ ಆಕ್ತು' ಎಂದು ಇಡೀ ಒಂದು ಕತೆ ಹೇಳಲು ಬಾಯಿ ತೆರೆದಿತ್ತು. ಒಂದು ಅಕ್ಷರ ತಿದ್ದಲು ಹೋಗಿ ಒಂದು ಕತೆಯನ್ನೇ ನುಂಗಿಸಿಬಿಟ್ಟರು. ಕೊಟ್ಟಿಗೆಯಲ್ಲೇ ಹುಟ್ಟಿ, ದನದ ಉಸಿರು ಕೇಳುತ್ತಾ ಮಲಗಿದ ಮಗು, ದನದ ಪುಸ್ತಕದ ಮುಂದೆ ಮೂಗನ ಹಾಗೆ ಕೂತಿರುತ್ತದೆ. ಆಮೇಲೆ ಇದೇ ಮಂದಿ ವರದಿ ಬರೆಯುತ್ತಾರೆ: ಈ ಮಕ್ಕಳಿಗೆ ಭಾಷೆ ಕಡಿಮೆ, ಪ್ರತಿಕ್ರಿಯೆ ಇಲ್ಲ, ಮನೆಯ ವಾತಾವರಣ ಸರಿಯಿಲ್ಲ.

ಇದು ಓದಿಸುವವರ ಮಾತಾಯಿತು. ಪುಸ್ತಕದ ಒಳಗೆ ಏನಿದೆ? ಮೊದಲ ಪುಟದಲ್ಲಿ ಸಿಂಹ, ಕಾಡಿನ ರಾಜ. ಯಾವ ಕಾಡಿನ ರಾಜ? ಕರ್ನಾಟಕದ ಯಾವ ಕಾಡಿನಲ್ಲೂ ಸಿಂಹವಿಲ್ಲ. ಈ ದೇಶದಲ್ಲಿ ಅದು ಸ್ವತಂತ್ರವಾಗಿ ಓಡಾಡಿಕೊಂಡಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ನಮ್ಮ ಬೆಟ್ಟಗಳಲ್ಲಿ ಇರುವುದು ಕರಡಿ, ಚಿರತೆ. ಆದರೂ ನಾವು ಕಾಣದ ಸಿಂಹವೇ ನಮಗೆ ರಾಜ, ಅದಕ್ಕೊಂದು ಸಿಂಹಾಸನ, ನರಿ ಅದರ ಮಂತ್ರಿ, ಕತ್ತೆ ಅದರ ಹೊರೆಯಾಳು. ಕಾಡಿನಲ್ಲಿ ಚುನಾವಣೆ ನಡೆದ ಕತೆ ಎಷ್ಟಿವೆ? ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ನಮ್ಮ ಮಕ್ಕಳ ಪುಸ್ತಕದ ಕಾಡಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ.

ಎರಡನೇ ಪುಟದಲ್ಲಿ ಹಸು. ಹಸು ನಮ್ಮ ತಾಯಿ. ಸರಿ, ಎಮ್ಮೆ ಎಲ್ಲಿ? ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದ್ದು ಎಮ್ಮೆಯ ಹಾಲಿನಿಂದ. ಆದರೆ ಪುಸ್ತಕದಲ್ಲಿ ಎಮ್ಮೆ ಬಂದರೆ ಯಮನ ವಾಹನವಾಗಿ ಬರುತ್ತದೆ, ಇಲ್ಲವೆ ದಡ್ಡರನ್ನು ಬೈಯಲು ಬರುತ್ತದೆ. ಕಪ್ಪಗಿದೆ, ಕೆಸರಲ್ಲಿ ಕೂರುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಈ ಮೂರು ಮಾತನ್ನು ನಾವು ಎಮ್ಮೆಯ ಬಗ್ಗೆ ಮಾತ್ರ ಕೇಳಿಲ್ಲ ಗೆಳೆಯರೆ, ನಮ್ಮ ಬಗ್ಗೆಯೂ ಕೇಳಿದ್ದೇವೆ. ಪುಸ್ತಕ ಮರೆತ ಎಮ್ಮೆಯನ್ನು ಸರ್ಕಾರ ಮರೆಯಲಿಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಹಸು, ಕರು, ಎತ್ತು, ಹೋರಿ ಎಲ್ಲಕ್ಕೂ ರಕ್ಷಣೆ ಇದೆ. 13 ವರ್ಷ ದಾಟಿದ ಎಮ್ಮೆ, ಕೋಣವನ್ನು ಮಾತ್ರ ಕಡಿಯಬಹುದು. ಚಿತ್ರಪುಸ್ತಕದಲ್ಲಿ ಇದ್ದ ಮೇಲು ಕೀಳು ಕಾನೂನಿನ ಪುಸ್ತಕಕ್ಕೆ ಹೇಗೆ ಬಂದಿತು ಎಂದು ಕೇಳಿದರೆ ನಮಗೆ ಜಾತಿಯ ಹುಚ್ಚು ಅನ್ನುತ್ತಾರೆ!

ಪುಣ್ಯಕೋಟಿಯ ಹಾಡನ್ನು ತೆಗೆದುಕೊಳ್ಳಿ. ನಮ್ಮ ಅವ್ವಂದಿರೂ ಹಾಡಿ ಅತ್ತ ಹಾಡು. ಅದರ ರಾಗದ ಮೇಲೆ, ಆ ತಾಯಿಯ ಸಂಕಟದ ಮೇಲೆ ನಮಗೆ ಸಿಟ್ಟಿಲ್ಲ. ನೀತಿ ಹೇಳುವವರ ಮೇಲೆ ಸಿಟ್ಟಿದೆ. ಮಾತು ಕೊಟ್ಟ ಹಸು ಕರುವನ್ನು ತಬ್ಬಲಿ ಮಾಡಿ ಹುಲಿಯ ಬಾಯಿಗೆ ತಾನೇ ನಡೆದುಕೊಂಡು ಹೋಗುತ್ತದೆ. ಅದಕ್ಕೆ ಸತ್ಯ ಅಂತ ಹೆಸರಿಟ್ಟರು. ಜೀತದಾಳಿಗೆ ಬೇಕಾದ ಪಾಠವೇ ಇದು: ಸಾಲದ ಮಾತಿಗೆ ತಪ್ಪಬೇಡ, ಹೆಂಡತಿ ಮಕ್ಕಳನ್ನು ಬಿಟ್ಟು ಧಣಿಯ ಹಟ್ಟಿಗೆ ನೀನೇ ಹೋಗಿ ನಿಲ್ಲು, ನಿನ್ನ ಸತ್ಯ ಕಂಡು ಹುಲಿಯ ಮನಸ್ಸು ಕರಗಿ ಅದು ತಾನೇ ಪ್ರಾಣ ಬಿಡುತ್ತದೆ. ಯಾವ ಧಣಿ ಹಾಗೆ ಪ್ರಾಣ ಬಿಟ್ಟ, ಒಂದು ಹೆಸರು ಹೇಳಿ. ಜೀತ ನಿರ್ಮೂಲನೆಗೆ 1976ರಲ್ಲಿ ಕಾಯ್ದೆಯೇ ಬರಬೇಕಾಯಿತು. ಹಾಡು ಇರಲಿ. ಹಾಡಿದ ಮೇಲೆ ಮಕ್ಕಳನ್ನು ಕೇಳಿ: ಮಿಕ್ಕ ಹಸುಗಳು ಎಲ್ಲ ಸೇರಿ ಕೊಂಬು ಬೀಸಿದ್ದರೆ ಏನಾಗುತ್ತಿತ್ತು? ನಾವು ಕೇಳಿದ್ದೇವೆ. ಮಕ್ಕಳು ಎದ್ದು ನಿಂತು ಕೊಂಬು ಬೀಸಿ ತೋರಿಸಿದ್ದಾರೆ.

ಹಂದಿಯ ವಿಷಯ ಇನ್ನೂ ತಮಾಷೆ. ವರಾಹ ಅಂದರೆ ದೇವರು, ಕೈಮುಗಿ. ಹಂದಿ ಅಂದರೆ ಹೊಲಸು, ಮೂಗು ಮುಚ್ಚು. ಇತ್ತೀಚೆಗೆ ಇಂಗ್ಲೆಂಡಿನಿಂದ ಪೆಪ್ಪಾ ಎಂಬ ಗುಲಾಬಿ ಬಣ್ಣದ ಹಂದಿ ಟೀವಿಯಲ್ಲಿ, ಪುಸ್ತಕದಲ್ಲಿ ಬಂದಿದೆ. ಬೆಂಗಳೂರಿನ ದೊಡ್ಡ ಮನೆಗಳ ಮಕ್ಕಳು ಅದನ್ನು ಅಪ್ಪಿಕೊಂಡು ಮಲಗುತ್ತಾರೆ, ಹುಟ್ಟುಹಬ್ಬದ ಕೇಕಿನ ಮೇಲೂ ಅದೇ. ಅದು ಕೆಸರಲ್ಲಿ ಕುಣಿದರೆ ಮುದ್ದು. ನಮ್ಮ ಕೊರಮರ ಮಗು ಹಂದಿಮರಿ ಎತ್ತಿಕೊಂಡು ಬಂದರೆ ಬೆಂಚಿನಿಂದ ದೂರ ಕೂರಿಸುತ್ತಾರೆ. ಹಂದಿ ಹಂದಿಯೇ. ಬಿಳಿ ತೊಗಲಿನ ದೇಶದಿಂದ ಬಂದರೆ ಮಡಿ, ಕೇರಿಯಿಂದ ಬಂದರೆ ಮೈಲಿಗೆ.

ಕೋಳಿಯ ಪುಟವನ್ನೂ ತಿರುಗಿಸೋಣ. ಕೋಳಿ ಕೂಗಿತು, ಬೆಳಗಾಯಿತು ಎಂದು ಎಲ್ಲ ಮಕ್ಕಳಿಂದ ಹೇಳಿಸುತ್ತಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಹಾಕತೊಡಗಿದಾಗ ಕೆಲವು ಮಠಾಧೀಶರು ಬೇಡ ಎಂದು ಎದ್ದರು. ಬಡತನದಿಂದ ಬತ್ತಿದ ಮಕ್ಕಳು ಎರಡು ಕೈಯಲ್ಲಿ ಹಿಡಿದು ತಿನ್ನುವ ಮೊಟ್ಟೆ ಅದು. ಪುಸ್ತಕದಲ್ಲಿ ಕೋಳಿ ಕೂಗಬಹುದಂತೆ, ತಟ್ಟೆಯಲ್ಲಿ ಮೊಟ್ಟೆ ಇರಬಾರದಂತೆ. ನಮ್ಮ ಮಕ್ಕಳಿಗೆ ಪ್ರಾಣಿ ಅಂದರೆ ಚಿತ್ರ ಮಾತ್ರ ಆಗಿರಬೇಕು ಎನ್ನುವವರು ಹಸಿವನ್ನೂ ಚಿತ್ರದಲ್ಲೇ ನೋಡಿದವರು.

ಇನ್ನು ನೀಲಿ ನರಿ. ಪಂಚತಂತ್ರದ ಕತೆ. ಪಂಚತಂತ್ರ ಹುಟ್ಟಿದ್ದೇ ರಾಜನ ಮಕ್ಕಳಿಗೆ ರಾಜನೀತಿ ಕಲಿಸುವುದಕ್ಕೆ ಎಂದು ಆ ಕತೆಗಳೇ ಹೇಳಿಕೊಳ್ಳುತ್ತವೆ. 11ನೇ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಇವತ್ತು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಣ್ಣದ ಚಿತ್ರ ಹಾಕಿದ ಪಂಚತಂತ್ರ ಸಿಗುತ್ತದೆ. ಹಸಿದ ನರಿ ಊರಿಗೆ ಬರುತ್ತದೆ. ಊರ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಓಡಿ ಓಡಿ ನೀಲಿ ಬಣ್ಣದ ತೊಟ್ಟಿಗೆ ಬೀಳುತ್ತದೆ. ಮೈಯೆಲ್ಲ ನೀಲಿಯಾಗಿ ಕಾಡಿಗೆ ಹೋದರೆ ಹುಲಿ ಸಿಂಹಗಳೇ ಹೆದರಿ ಅದನ್ನು ರಾಜ ಮಾಡುತ್ತವೆ. ಒಂದು ದಿನ ದೂರದಲ್ಲಿ ನರಿಗಳ ಕೂಗು ಕೇಳಿ ಇದೂ ಮೈಮರೆತು ಊಳಿಡುತ್ತದೆ. ಗುಟ್ಟು ರಟ್ಟಾಯಿತು, ಎಲ್ಲ ಸೇರಿ ಕೊಂದು ಹಾಕಿದವು. ನೀತಿ: ಹುಟ್ಟುಗುಣ ಬಿಡದು.

ಈ ನೀತಿಯನ್ನು ಕೇರಿಯ ಮಗುವಿನ ಕಿವಿಯಲ್ಲಿ ಕೂತು ಕೇಳಿ. ಹಸಿದು ಊರಿಗೆ ಬಂದದ್ದು ತಪ್ಪು. ಬಣ್ಣ ಬದಲಾದದ್ದು ತಪ್ಪು. ಮೇಲಿನ ಜಾಗದಲ್ಲಿ ಕೂತದ್ದು ತಪ್ಪು. ತನ್ನ ಭಾಷೆಯಲ್ಲಿ ಒಂದು ಸಲ ಬಾಯಿ ಬಿಟ್ಟದ್ದು ಕೊಲೆಯಾಗುವಷ್ಟು ದೊಡ್ಡ ತಪ್ಪು. ಒಳ್ಳೆಯ ಬಟ್ಟೆ ಹಾಕಿದ, ಮೀಸೆ ತಿರುವಿದ, ಕುದುರೆ ಏರಿ ಮದುವೆಗೆ ಹೊರಟ ಎಂಬ ಕಾರಣಕ್ಕೆ ದಲಿತ ಯುವಕರು ಹೊಡೆತ ತಿಂದ ಸುದ್ದಿ ಈ ದೇಶದಲ್ಲಿ ಇನ್ನೂ ನಿಂತಿಲ್ಲ. ಹೊಡೆದವರೆಲ್ಲ ಚಿಕ್ಕಂದಿನಲ್ಲಿ ಈ ಕತೆ ಕೇಳಿದ್ದರು ಅಂತ ನಾವು ಹೇಳುವುದಿಲ್ಲ. ಆದರೆ ಹೊಡೆತದ ಹಿಂದಿರುವ ನಂಬಿಕೆಯೂ ಕತೆಯ ನೀತಿಯೂ ಒಂದೇ: ನೀನು ಹುಟ್ಟಿದ ಕಡೆ ಇರು. ಇನ್ನೊಂದು ಮಾತು. ನೀಲಿ ಈಗ ಬರೀ ಬಣ್ಣದ ತೊಟ್ಟಿಯ ನೀಲಿಯಲ್ಲ. ಅದು ಬಾಬಾಸಾಹೇಬರ ಬಾವುಟದ ನೀಲಿ. ಅದರಲ್ಲಿ ನಾವು ಜಾರಿ ಬಿದ್ದವರಲ್ಲ, ತಿಳಿದೇ ಅದ್ದಿಕೊಂಡವರು.

ಹಾಗಾದರೆ ನರಿಗೆ ತಪ್ಪೇ ಇಲ್ಲವೆ? ಇದೆ. ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಓಡಿಬಿಡುವ ತಪ್ಪು ಅದು. ಸಿಂಹಾಸನ ಸಿಕ್ಕ ಕೂಡಲೇ ಆ ನರಿ ಮಾಡಿದ ಮೊದಲ ಕೆಲಸ, ತನ್ನ ಬಂಧುಗಳಾದ ನರಿಗಳನ್ನೆಲ್ಲ ಕಾಡಿನಿಂದ ಓಡಿಸಿದ್ದು. ಅವು ಹತ್ತಿರದಲ್ಲೇ ಇದ್ದಿದ್ದರೆ ಕೊಲ್ಲಲು ಬಂದವರ ಎದುರಿಗೆ ಒಂದು ನರಿಯಲ್ಲ, ನೂರು ನರಿ ನಿಲ್ಲುತ್ತಿದ್ದವು. ಮೀಸಲಾತಿಯ ಏಣಿ ಹತ್ತಿ ಹೋದ ಮೇಲೆ ಕೇರಿಯ ದಾರಿ ಮರೆತ ಅಧಿಕಾರಿಗಳಿಗೆ, ನಮ್ಮ ಓಟು ತೆಗೆದುಕೊಂಡು ಧಣಿಗಳ ಪಂಕ್ತಿಯಲ್ಲಿ ಕೂತ ಶಾಸಕರಿಗೆ ಈ ಕತೆಯನ್ನು ದಿನಾ ಓದಿ ಹೇಳಬೇಕು. ಮಕ್ಕಳಿಗೂ ಹೇಳಿ. ನೀತಿಯನ್ನು ಮಾತ್ರ ಬದಲಿಸಿ ಹೇಳಿ.

ಪ್ರಾಣಿಗೂ ನಮಗೂ ಇರುವ ಸಂಬಂಧ ಪುಸ್ತಕ ಬರೆಯುವವರು ತಿಳಿದಷ್ಟು ಮುದ್ದಾದದ್ದಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ 2021ರಲ್ಲಿ ನಮ್ಮನ್ನು ಬಿಟ್ಟುಹೋದ ಕವಿ ಸಿದ್ಧಲಿಂಗಯ್ಯ 'ಊರುಕೇರಿ'ಯಲ್ಲಿ ತಮ್ಮ ಬಾಲ್ಯದ ಒಂದು ನೋಟವನ್ನು ಬರೆದಿದ್ದಾರೆ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿದ್ದರು; ಆ ಇಬ್ಬರಲ್ಲಿ ಒಬ್ಬರು ಅವರ ಅಪ್ಪ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ದನಕರು ಬಾಯಿ ಹಾಕಬಹುದಾಗಿದ್ದ ಆ ಕೆರೆಯನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. ಒಂದು ಕಡೆ ನಮ್ಮನ್ನು ಎತ್ತು ಮಾಡಿದರು, ಇನ್ನೊಂದು ಕಡೆ ಎತ್ತಿಗಿಂತ ಕೀಳು ಮಾಡಿದರು. ಎತ್ತಿನ ಚಿತ್ರ ತೋರಿಸಿ 'ಎತ್ತು ರೈತನ ಮಿತ್ರ' ಎಂದು ಹೇಳಿಸುವ ಮೇಷ್ಟ್ರು ಇದನ್ನು ಒಂದು ಗಳಿಗೆ ನೆನೆಯಲಿ. ಮಗುವಿಗೆ ಹೇಳಬೇಕೆಂದಲ್ಲ, ಆ ಮಗು ಸುಮ್ಮನಾದಾಗ ಅದರ ಮೌನ ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ.

ನಮ್ಮ ಸೀಮೆಯ ಪ್ರಾಣಿಗಳಿಗೆ ಪುಸ್ತಕವೇ ಇಲ್ಲವೆ? ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿವೆ. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮ ಎಂದು ಘೋಷಿಸಿದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಈ ದೇಶದ ರಣಹದ್ದು ಸಂತತಿಯನ್ನೇ ಸುಟ್ಟಿತು. 2006ರಲ್ಲಿ ಜಾನುವಾರಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಸತ್ತ ದನವನ್ನು ಊರಾಚೆ ಸಾಗಿಸಿದವರು ನಮ್ಮ ಅಜ್ಜಂದಿರು. ಉಳಿದದ್ದನ್ನು ಮುಗಿಸಿ ಊರನ್ನು ರೋಗದಿಂದ ಕಾದದ್ದು ರಣಹದ್ದು. ಇಬ್ಬರಿಗೂ ಸಿಕ್ಕಿದ್ದು ಅಸಹ್ಯವೇ. ಹದ್ದಿಗಾದರೂ ಒಂದು ಧಾಮ ಆಯಿತು. ರೇಷ್ಮೆ ಹುಳು ನೋಡಿ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆ ನಿಂತಿರುವುದು ಅದರ ಬೆನ್ನ ಮೇಲೆ. ಅದು ನಾಲ್ಕು ಸಲ ಜ್ವರಕ್ಕೆ ಕೂರುವುದು, ಹಣ್ಣಾದ ಮೇಲೆ ಚಂದ್ರಂಕಿಯಲ್ಲಿ ಗೂಡು ಕಟ್ಟುವುದು ನಮ್ಮ ನಾಲ್ಕು ವರ್ಷದ ಮಕ್ಕಳಿಗೆ ಗೊತ್ತು. 1969ರಲ್ಲಿ ಅಮೆರಿಕದ ಎರಿಕ್ ಕಾರ್ಲ್ ಮಾಡಿದ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ ಜಗತ್ತನ್ನೆಲ್ಲ ಸುತ್ತಿದೆ. ಆ ಹುಳು ತಿಂದು ತಿಂದು ಚಿಟ್ಟೆಯಾಗಿ ಹಾರುತ್ತದೆ. ನಮ್ಮ ಹುಳು ಹಾರುವ ಮುಂಚೆಯೇ ಗೂಡಿನ ಸಮೇತ ಕುದಿಯುವ ನೀರಿಗೆ ಬೀಳುತ್ತದೆ. ಆ ನೀರಿನಲ್ಲಿ ಕೈ ಅದ್ದಿ ಎಳೆ ಹುಡುಕಿದ ಮಕ್ಕಳೂ ಇದ್ದರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ತಂದ ವರದಿಯಲ್ಲಿ ಕರ್ನಾಟಕದ ಮಕ್ಕಳ ಕೈಗಳೂ ಇವೆ. ಚಿಟ್ಟೆಯ ಪುಸ್ತಕ ನಮಗೂ ಇಷ್ಟ. ಹಾರದ ಹುಳುವಿನ ಪುಸ್ತಕ ಯಾರು ಬರೆಯುತ್ತಾರೆ?

ಬರೆದವರಿಲ್ಲ ಎಂದಲ್ಲ. 2008ರಲ್ಲಿ ಹೈದರಾಬಾದಿನ ಅನ್ವೇಷಿ ಸಂಸ್ಥೆ ದಲಿತ, ಮುಸ್ಲಿ ಮನೆಗಳ ಮಕ್ಕಳ ಬದುಕನ್ನೇ ಇಟ್ಟು ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ಚಿತ್ರಪುಸ್ತಕಗಳನ್ನು ತಂದಿತು. 2011ರಲ್ಲಿ ಬಂದ 'ಭೀಮಾಯಣ'ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಪ್ರಾಣಿಗಳ ಮೂಲಕವೇ ಬರೆದರು. ಅಲ್ಲಿ ಒಳ್ಳೆಯ ಮಾತು ಹಕ್ಕಿಯ ಆಕಾರದಲ್ಲಿದೆ, ಜಾತಿಯ ವಿಷದ ಮಾತಿಗೆ ಚೇಳಿನ ಬಾಲವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಿಂದ ಯಾರು ಬೇಕಾದರೂ ಪುಸ್ತಕ ಪಡೆಯಬಹುದು, ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದು, ಹೊಸದು ಮಾಡಬಹುದು. ಕಾಸಿಲ್ಲ ಎಂಬ ನೆಪ ಇನ್ನು ನಡೆಯದು.

ಚಳವಳಿಯ ಗೆಳೆಯರಿಗೆ ಒಂದು ಮಾತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ರಾಜ್ಯವೇ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ಆ ಬೆಂಕಿಯಲ್ಲೇ ನಮ್ಮ ಸಂಘಟನೆಗಳು ಹುಟ್ಟಿದವು. ಆಮೇಲೆ ಕಾದಂಬರಿಯನ್ನು ಪ್ರಶ್ನಿಸಿದಿರಿ, ಕಾವ್ಯವನ್ನು ಪ್ರಶ್ನಿಸಿದಿರಿ, ಪುರಾಣವನ್ನು ಸೀಳಿ ನೋಡಿದಿರಿ. ಶಿಶುಸಾಹಿತ್ಯವನ್ನು ಮಾತ್ರ ಮಕ್ಕಳಾಟ ಅಂತ ಬಿಟ್ಟಿರಿ. ಬೂಸಾ ತಿಂದ ಎಮ್ಮೆ ಹಾಲಾದರೂ ಕೊಡುತ್ತದೆ. ಸುಳ್ಳು ತಿಂದು ಬೆಳೆದ ಮಗು ಇಪ್ಪತ್ತು ವರ್ಷದ ಮೇಲೆ ನಿಮ್ಮ ಸಭೆಗೆ ಬಂದು ಕೂರಲಿ ಎಂದರೆ ಎಲ್ಲಿಂದ ಬರಬೇಕು?

ಹಳ್ಳಿ ಮೇಷ್ಟ್ರುಗಳೇ, ಅಂಗನವಾಡಿಯ ಅಕ್ಕಂದಿರೇ, ಇರುವ ಪುಸ್ತಕವನ್ನು ಸುಡಿ ಎಂದು ನಾವು ಹೇಳುವುದಿಲ್ಲ. ಪುಸ್ತಕ ಸುಡುವಷ್ಟು ಪುಸ್ತಕ ನಮ್ಮ ಮಕ್ಕಳು ಇನ್ನೂ ಕಂಡಿಲ್ಲ. ಅದೇ ಪುಸ್ತಕ ಹಿಡಿಯಿರಿ. ಸಿಂಹದ ಪುಟ ಬಂದಾಗ 'ಇದನ್ನ ರಾಜ ಮಾಡಿದ್ದು ಯಾರು?' ಅಂತ ಕೇಳಿ. ಹಸುವಿನ ಪುಟದ ಪಕ್ಕದಲ್ಲಿ ಮಕ್ಕಳ ಕೈಯಿಂದಲೇ ಒಂದು ಎಮ್ಮೆ ಬರೆಸಿ ಅಂಟಿಸಿ. ಹಂದಿ ಸಾಕುವ ಮನೆಯ ಮಗುವನ್ನು ಆವತ್ತಿನ ಮೇಷ್ಟ್ರು ಮಾಡಿ. ಹಂದಿ ಎಷ್ಟು ಮರಿ ಹಾಕುತ್ತದೆ, ಏನು ತಿನ್ನುತ್ತದೆ, ಎಲ್ಲ ಅದು ಹೇಳಲಿ, ನೀವು ಹೂಂಗುಟ್ಟಿ. ಮಗು 'ಅಸ' ಅಂದರೆ ನೀವೂ ಒಂದು ಸಲ ಅಸ ಅನ್ನಿ, ಆಮೇಲೆ ಹಸು ಅನ್ನಿ. ಎರಡೂ ಮಾತು ಮಗುವಿನದಾಗಲಿ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಅವರದೇ ಚಿತ್ರ ಹಾಕಿಸಿ, ನಾಲ್ಕು ಹಾಳೆ ಸೇರಿಸಿ ಸೂಜಿದಾರದಿಂದ ಹೊಲಿಯಿರಿ. ಅದು ಪುಸ್ತಕ. ಮುಂದಿನ ಪುಟ ತಿರುಗಿಸುವ ಮುಂಚೆ ದೊಡ್ಡವರು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ಳಲಿ. ಮಗು ಬಾಯಿ ಬಿಡಲಿ.